ಐಸ್ ಹಾಕಿ ಅಂಕಣಕ್ಕೆ ಬಿದ್ದ ಬೀಗ

ಕೇಳುಗರೆಲ್ಲರಿಗೂ ನಮಸ್ಕಾರ.

2005ರ ಫೆಬ್ರವರಿ 15. ಅಮೆರಿಕ ಮತ್ತು ಕೆನಡಾದ ತಂಡಗಳು ಆಡುವ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್‌ನ ಕಮಿಷನರ್ ಗ್ಯಾರಿ ಬೆಟ್‌ಮನ್ ಆಟಗಾರರ ಸಂಘಕ್ಕೆ ಒಂದು ಪತ್ರ ಕಳಿಸಿದರು. ಒಂದು ತಂಡ ವರ್ಷಕ್ಕೆ ಕೊಡುವ ಒಟ್ಟು ಸಂಬಳ 4.25 ಕೋಟಿ ಡಾಲರ್ ದಾಟಕೂಡದು, ಇದೇ ಕೊನೆಯ ಮಾತು ಎಂದಿತ್ತು ಅದರಲ್ಲಿ. ಸಂಘದ ಮುಖ್ಯಸ್ಥ ಬಾಬ್ ಗುಡ್‌ನೌ ಅದಕ್ಕೆ ಕೊಟ್ಟ ಉತ್ತರ, 4.9 ಕೋಟಿ. ಮರುದಿನ ಬೆಟ್‌ಮನ್ ಇಡೀ ಋತುವನ್ನೇ ರದ್ದು ಮಾಡಿದರು. 1,230 ಪಂದ್ಯಗಳು ಹೋದವು. ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಲೀಗೊಂದು ಕಾರ್ಮಿಕ ವಿವಾದದಿಂದ ಪೂರ್ತಿ ಒಂದು ಋತು ಕಳೆದುಕೊಂಡದ್ದು ಅದೇ ಮೊದಲು.

65 ಲಕ್ಷದ ಅಂತರಕ್ಕೆ ಇಷ್ಟು ಹಠವೇ ಎನಿಸುತ್ತದೆ. ಆದರೆ ಆಗ ಲೀಗಿನಲ್ಲಿದ್ದದ್ದು 30 ತಂಡ. ಎಲ್ಲರೂ ಸಂಘ ಹೇಳಿದ ಮಿತಿಯವರೆಗೆ ಖರ್ಚು ಮಾಡಿದರೆ ವರ್ಷಕ್ಕೆ 147 ಕೋಟಿ ಡಾಲರ್. ಮಾಲೀಕರು ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗದ ಮಾಜಿ ಅಧ್ಯಕ್ಷ ಆರ್ಥರ್ ಲೆವಿಟ್ ಅವರಿಂದ ಮಾಡಿಸಿದ್ದ ವರದಿಯ ಪ್ರಕಾರ, 2002-03ರಲ್ಲಿ ಲೀಗಿನ ಆದಾಯ ಸುಮಾರು 200 ಕೋಟಿ, ಆಟಗಾರರಿಗಾದ ವೆಚ್ಚ ಸುಮಾರು 149 ಕೋಟಿ. ನೂರಕ್ಕೆ 75. ಹಾಗಾಗಿ ಮಾಲೀಕರ ಕಣ್ಣಿಗೆ ಸಂಘದ 4.9 ಕೋಟಿ ಎಂದರೆ ಹಳೆಯ ಲೆಕ್ಕವೇ ಹೊಸ ಹೆಸರಿನಲ್ಲಿ. ಎಲ್ಲ ತಂಡಗಳೂ ಮಿತಿ ಮುಟ್ಟುವುದಿಲ್ಲ ಎಂದು ಸಂಘ ವಾದಿಸಿತು. ಅದೂ ನಿಜವೇ.

ವರದಿಯನ್ನೇ ಸಂಘ ನಂಬಲಿಲ್ಲ. ಅದಕ್ಕೆ ಕಾರಣವಿತ್ತು. ತಂಡದ ಮಾಲೀಕನೇ ಕ್ರೀಡಾಂಗಣದ ಮಾಲೀಕನೂ ಆಗಿದ್ದರೆ, ಐಷಾರಾಮಿ ಬಾಕ್ಸ್, ಪಾರ್ಕಿಂಗ್, ತಿಂಡಿ ಅಂಗಡಿಗಳ ದುಡ್ಡು ಯಾವ ಕಂಪನಿಯ ಪುಸ್ತಕಕ್ಕೆ ಹೋಗಬೇಕು? 2003-04ರಲ್ಲಿ 22.4 ಕೋಟಿ ನಷ್ಟ ಎಂದಿತು ಲೀಗ್. ಫೋರ್ಬ್ಸ್ ಪತ್ರಿಕೆಯ ಅಂದಾಜು 9.6 ಕೋಟಿ ಮಾತ್ರ. ಈ ವಿವಾದದ ಬೇರು ಸಂಬಳಕ್ಕಿಂತ ಹೆಚ್ಚಾಗಿ ಇಲ್ಲಿದೆ: ಯಾವುದನ್ನು ಆದಾಯ ಎಂದು ಎಣಿಸಬೇಕು, ಆ ಆದಾಯಕ್ಕೆ ಸಂಬಳವನ್ನು ಕಟ್ಟಿಹಾಕಬೇಕೇ ಬೇಡವೇ.

ಇದು ಮುಷ್ಕರವಲ್ಲ, ಲಾಕೌಟ್. ಬೀಗ ಹಾಕಿದವರು ಮಾಲೀಕರು. ಹಾಕಿದ ಸಮಯವೂ ಲೆಕ್ಕಾಚಾರದ್ದೇ. ಆಟಗಾರರಿಗೆ ಸಂಬಳ ಬರುವುದು ಅಕ್ಟೋಬರಿನಿಂದ ಏಪ್ರಿಲ್‌ವರೆಗಿನ ಲೀಗ್ ಹಂತದಲ್ಲಿ. ನಂತರದ ಪ್ಲೇ ಆಫ್ ಪಂದ್ಯಗಳಲ್ಲಿ ಸಂಬಳವಿಲ್ಲ, ಬೋನಸ್ ಮಾತ್ರ; ಮಾಲೀಕರಿಗೆ ಮಾತ್ರ ಅದು ಟಿಕೆಟ್ ಸುಗ್ಗಿ. ಸಂಘ ಇದನ್ನರಿತೇ 1992ರ ಏಪ್ರಿಲ್ 1ರಂದು ಮುಷ್ಕರ ಹೂಡಿತು. ಸಂಬಳ ಬಹುಪಾಲು ಕೈಸೇರಿತ್ತು, ಪ್ಲೇ ಆಫ್ ಬಾಗಿಲಲ್ಲಿತ್ತು. ಹತ್ತೇ ದಿನಕ್ಕೆ ಮಾಲೀಕರು ರಾಜಿಗೆ ಬಂದರು. ಪಾಠ ಕಲಿತವರೂ ಅವರೇ. ಆಮೇಲಿನ 1994, 2004, 2012ರ ಮೂರೂ ಸಲ ಅವರೇ ಋತುವಿನ ಹೊಸ್ತಿಲಲ್ಲಿ, ಮೊದಲ ಸಂಬಳದ ಚೆಕ್ಕಿಗೆ ಮುಂಚೆ ಬಾಗಿಲು ಹಾಕಿದರು. 2004ರಲ್ಲಂತೂ ತಂಡಕ್ಕೆ 1 ಕೋಟಿ ಡಾಲರಿನಂತೆ 30 ಕೋಟಿಯ ನಿಧಿ ಮೊದಲೇ ಕೂಡಿಟ್ಟಿದ್ದರು. ಇತ್ತ ಮುನ್ನೂರಕ್ಕೂ ಹೆಚ್ಚು ಆಟಗಾರರು ಯುರೋಪಿನ ಲೀಗುಗಳಿಗೆ ಆಡಲು ಹೋದರು. ಟಿಕೆಟ್ ಹರಿಯುವವರು, ತಿಂಡಿ ಮಾರುವವರಿಗೆ ಅಂಥ ದಾರಿ ಇರಲಿಲ್ಲ. ಮಾತುಕತೆಯ ಮೇಜಿನಲ್ಲಿ ಅವರಿಗೆ ಕುರ್ಚಿಯೂ ಇರಲಿಲ್ಲ.

2004ರ ಡಿಸೆಂಬರ್ 9ರಂದು ಸಂಘ ದೊಡ್ಡ ತ್ಯಾಗವೊಂದನ್ನು ಮುಂದಿಟ್ಟಿತು. ಚಾಲ್ತಿಯಲ್ಲಿರುವ ಎಲ್ಲ ಒಪ್ಪಂದಗಳಲ್ಲೂ ಸಂಬಳವನ್ನು ಶೇ 24 ಕಡಿತ ಮಾಡಿ, ಆದರೆ ಮಿತಿ ಹೇರಬೇಡಿ. ಮಾಲೀಕರು ಒಪ್ಪಲಿಲ್ಲ. ಕಡಿತ ಒಂದು ಸಲದ್ದು. ಮರುವರ್ಷವೇ ಶ್ರೀಮಂತ ತಂಡವೊಂದು ಬೆಲೆ ಏರಿಸಿದರೆ ಉಳಿದವರೂ ಹಿಂದೆ ಓಡಬೇಕು, ಐದಾರು ವರ್ಷದಲ್ಲಿ ಮತ್ತೆ ಮೊದಲಿನ ಜಾಗ. ಸಂಘ ಇಲ್ಲಿ ತಪ್ಪು ಹೆಜ್ಜೆ ಇಟ್ಟಿತು ಎಂದೇ ಹೇಳಬೇಕು. ಒಮ್ಮೆ ಮೇಜಿನ ಮೇಲಿಟ್ಟ ಶೇ 24 ಹಿಂದಕ್ಕೆ ಬರಲಿಲ್ಲ. 2005ರ ಜುಲೈ ಒಪ್ಪಂದದಲ್ಲಿ ಕಡಿತವೂ ಉಳಿಯಿತು, ಮಿತಿಯೂ ಬಂತು. ಅದೂ 3.9 ಕೋಟಿ, ಫೆಬ್ರವರಿಯಲ್ಲಿ ಬೇಡವೆಂದ 4.25 ಕೋಟಿಗಿಂತ ಕಡಿಮೆ. ಅದೇ ತಿಂಗಳ ಕೊನೆಗೆ ಗುಡ್‌ನೌ ಹುದ್ದೆ ಬಿಟ್ಟರು.

2005ರ ಆ ಹೊಸ ವ್ಯವಸ್ಥೆ ನಡೆಯುತ್ತಿದ್ದುದು ಹೀಗೆ. ಬರುವ ಋತುವಿನ ಆದಾಯವನ್ನು ಅಂದಾಜು ಮಾಡುತ್ತಿದ್ದರು. ಅದರಲ್ಲಿ ಆಟಗಾರರ ಪಾಲು ಶೇ 54ರಿಂದ ಶುರು; ಆದಾಯ 270 ಕೋಟಿ ದಾಟಿದರೆ ಶೇ 57. ಆ ಪಾಲಿನಿಂದ ವಿಮೆ, ಪಿಂಚಣಿಯಂಥ ಸೌಲಭ್ಯಗಳ ಖರ್ಚು ಕಳೆದು ತಂಡಗಳ ಸಂಖ್ಯೆಯಿಂದ ಭಾಗಿಸಿದರೆ ಮಧ್ಯಬಿಂದು. ಅದಕ್ಕಿಂತ 80 ಲಕ್ಷ ಮೇಲೆ ಗರಿಷ್ಠ ಮಿತಿ, 80 ಲಕ್ಷ ಕೆಳಗೆ ಕನಿಷ್ಠ ಮಿತಿ. ಒಬ್ಬ ಆಟಗಾರನಿಗೆ ಗರಿಷ್ಠ ಮಿತಿಯ ಶೇ 20ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಆದರೆ ಅಂದಾಜು ಅಂದಾಜೇ. ಬಹಳ ತಂಡಗಳು ಮೇಲಿನ ಮಿತಿಗೆ ಒತ್ತಿಕೊಂಡು ನಿಂತರೆ ಒಟ್ಟು ಸಂಬಳ ಪಾಲನ್ನು ಮೀರುತ್ತದೆ. ಅದಕ್ಕೇ ಎಸ್ಕ್ರೋ: ಸರ್ಕಾರಿ ಕಾಮಗಾರಿಯ ಗುತ್ತಿಗೆದಾರನ ಬಿಲ್ಲಿನಲ್ಲಿ ಒಂದಷ್ಟು ಹಿಡಿದಿಟ್ಟುಕೊಳ್ಳುವ ಹಾಗೆ, ಪ್ರತಿ ಚೆಕ್ಕಿನಿಂದ ಒಂದು ಭಾಗ ಪ್ರತ್ಯೇಕ ಖಾತೆಗೆ ಹೋಗುತ್ತದೆ. ಋತು ಮುಗಿದ ಮೇಲೆ ನಿಜವಾದ ಆದಾಯ ನೋಡಿ, ಹೆಚ್ಚಾದದ್ದು ಮಾಲೀಕರಿಗೆ, ಉಳಿದದ್ದು ಆಟಗಾರರಿಗೆ. ಒಪ್ಪಂದದಲ್ಲಿ ಬರೆದ ಸಂಬಳ ಒಂದು, ಕೈಗೆ ಬರುವುದು ಇನ್ನೊಂದು. ಆಟಗಾರರಿಗೆ ಸಿಟ್ಟಿದ್ದದ್ದು ಇದರ ಮೇಲೆ.

ವಿಚಿತ್ರವೆಂದರೆ, ಸಂಘ ಅಷ್ಟು ಹೆದರಿದ್ದ ಆದಾಯದ ನಂಟು ಮೊದಮೊದಲು ಅವರಿಗೇ ಲಾಭ ತಂದಿತು. ಆದಾಯ ಬೆಳೆದಂತೆ ಮಿತಿ 2006-07ಕ್ಕೆ 4.4 ಕೋಟಿ, 2008-09ಕ್ಕೆ 5.67 ಕೋಟಿ.

ನಿಯಮದಲ್ಲಿ ಕಿಂಡಿಯೂ ಇತ್ತು. ಮಿತಿಯ ಲೆಕ್ಕಕ್ಕೆ ಹಿಡಿಯುವುದು ಆ ವರ್ಷ ಕೊಟ್ಟ ಹಣವನ್ನಲ್ಲ, ಒಪ್ಪಂದದ ವಾರ್ಷಿಕ ಸರಾಸರಿಯನ್ನು. ಹಾಗಾದರೆ ಒಪ್ಪಂದವನ್ನು ಉದ್ದ ಎಳೆದು, ಕೊನೆಗೆ ಪುಡಿಗಾಸಿನ ವರ್ಷಗಳನ್ನು ಅಂಟಿಸಿದರೆ ಸರಾಸರಿ ತಾನಾಗಿ ಇಳಿಯುತ್ತದೆ. 2010ರಲ್ಲಿ ನ್ಯೂಜೆರ್ಸಿ ಡೆವಿಲ್ಸ್ ತಂಡ ಇಲ್ಯಾ ಕೊವಾಲ್ಚುಕ್‌ಗೆ 17 ವರ್ಷಕ್ಕೆ 10.2 ಕೋಟಿ ಬರೆದುಕೊಟ್ಟಿತು. ಸರಾಸರಿ 60 ಲಕ್ಷ. ಕೊನೆಯ ಐದು ವರ್ಷ ತಲಾ 5.5 ಲಕ್ಷ. ಒಪ್ಪಂದ ಮುಗಿಯುವಾಗ ಅವನಿಗೆ 44 ವರ್ಷ! ಲೀಗ್ ತಿರಸ್ಕರಿಸಿತು, ಪಂಚಾಯ್ತಿದಾರ ರಿಚರ್ಡ್ ಬ್ಲಾಕ್ ಲೀಗಿನ ಪರ ತೀರ್ಪು ಕೊಟ್ಟರು. ಆಮೇಲೆ 15 ವರ್ಷ, 10 ಕೋಟಿಗೆ ಒಪ್ಪಿಗೆ ಸಿಕ್ಕಿತು. ಮೂರು ವರ್ಷ ಆಡಿ ಅವನು ರಷ್ಯಾಕ್ಕೆ ಹೊರಟುಹೋದ, ಅದು ಬೇರೆ ಮಾತು.

2012ರಲ್ಲಿ ಮಾಲೀಕರು ಮತ್ತೆ ಬೀಗ ಹಾಕಿದಾಗ ಬೇಡಿಕೆ ಎರಡು: ಈ ಉದ್ದದ ಒಪ್ಪಂದಗಳಿಗೆ ಕತ್ತರಿ, ಶೇ 57ಕ್ಕೆ ಕತ್ತರಿ. ಆಗ ಆದಾಯ ಸುಮಾರು 330 ಕೋಟಿ. ಶೇ 57ರಿಂದ 50ಕ್ಕೆ ಇಳಿಸಿದರೆ ವರ್ಷಕ್ಕೆ 23 ಕೋಟಿ ಕೈ ಬದಲಾಗುತ್ತದೆ. ಈಗಾಗಲೇ ಸಹಿ ಹಾಕಿದ ಒಪ್ಪಂದಗಳ ಗತಿ ಏನೆಂದು ಸಂಘದ ಹೊಸ ಮುಖ್ಯಸ್ಥ ಡೊನಾಲ್ಡ್ ಫೆಹ್ರ್ ಪಟ್ಟು ಹಿಡಿದು, ಪರಿಹಾರವಾಗಿ 30 ಕೋಟಿ ಗಿಟ್ಟಿಸಿದರು. ಅಮೆರಿಕದ ಕೇಂದ್ರ ಸರ್ಕಾರದ ಸಂಧಾನಕಾರ ಸ್ಕಾಟ್ ಬೆಕೆನ್‌ಬಾ ಎರಡೂ ಕಡೆಗೆ ಓಡಾಡಿ, 2013ರ ಜನವರಿ 6ರ ಬೆಳಗಿನ ಜಾವ ರಾಜಿ ಆಯಿತು. ಪಾಲು ಸರಿಸಮ, ಸ್ವಂತ ತಂಡದ ಜೊತೆಗಿನ ಒಪ್ಪಂದಕ್ಕೆ 8 ವರ್ಷ, ಬೇರೆ ತಂಡದ್ದಕ್ಕೆ 7 ವರ್ಷ ಮಿತಿ. ಆ ಸಲ 82ರ ಬದಲು 48 ಪಂದ್ಯ ಆಡಿದರು.

ಅಲ್ಲಿಂದಾಚೆಗೆ ಬೀಗ ಬಿದ್ದಿಲ್ಲ. 2020ರ ಕೋವಿಡ್ ಕಾಲದ ಒಪ್ಪಂದ ಎಸ್ಕ್ರೋ ಕಡಿತಕ್ಕೆ ಹಂತಹಂತವಾಗಿ ಕಡಿವಾಣ ಹಾಕಿ, ಕೊನೆಯ ವರ್ಷಗಳಲ್ಲಿ ಶೇ 6ಕ್ಕೆ ಇಳಿಸಿತು. 2025ರ ಜುಲೈನಲ್ಲಿ, ಹಳೆಯದು ಮುಗಿಯಲು ಒಂದು ವರ್ಷಕ್ಕೂ ಹೆಚ್ಚು ಸಮಯವಿರುವಾಗಲೇ, ಹೊಸ ಒಪ್ಪಂದಕ್ಕೆ ಎರಡೂ ಕಡೆ ಅಂಗೀಕಾರ ಸಿಕ್ಕಿತು. ಅದರಂತೆ ಪಂದ್ಯಗಳು 84, ಒಪ್ಪಂದದ ಗರಿಷ್ಠ ಅವಧಿ 7 ಮತ್ತು 6 ವರ್ಷ. ಇದು 2030ರ ಸೆಪ್ಟೆಂಬರ್ 15ರವರೆಗೆ.

ನಮಸ್ಕಾರ.