ನಾಲ್ಕರಲ್ಲಿ ಸೋತದ್ದು ಯಾವುದು?

ಕೇಳುಗ ಬಂಧುಗಳಿಗೆ ನಮಸ್ಕಾರ.

ಸಂಕೇಶ್ವರದಿಂದ ಬೆಳಗಾವಿಗೆ ಬರುವಾಗ ವಂಟಮೂರಿ ಘಾಟ್ ಏರಬೇಕು. ಚೆನ್ನಾಗಿರುವ ಕಾರಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಆ ಏರಿನಲ್ಲಿ ಕಾರು ಏದುಸಿರು ಬಿಡತೊಡಗಿತು, ಊರೊಳಗೆ ಸಿಗ್ನಲ್‌ನಲ್ಲಿ ನಿಂತಾಗ ಸ್ಟೇರಿಂಗ್ ಹಿಡಿದ ಕೈಗೆ ನಡುಕ ಹತ್ತಿತು ಎಂದರೆ, ಗ್ಯಾರೇಜಿಗೆ ಬಂದವರು ಹೇಳುವ ಮಾತು ಒಂದೇ: 'ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆ, ಎಳೆಯುತ್ತಿಲ್ಲ.'

ನಾಲ್ಕು ಸಿಲಿಂಡರಿನ ಎಂಜಿನ್‌ನಲ್ಲಿ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗುವಷ್ಟರಲ್ಲಿ ನಾಲ್ಕೂ ಒಂದೊಂದು ಸಲ ಉರಿದು ಪಿಸ್ಟನ್ನನ್ನು ತಳ್ಳಬೇಕು. ಒಂದು ಕೈಕೊಟ್ಟಿತೆಂದರೆ ಪಲ್ಲಕ್ಕಿ ಹೊತ್ತ ನಾಲ್ವರಲ್ಲಿ ಒಬ್ಬ ಹೆಗಲು ತಪ್ಪಿಸಿದಂತೆ. ಉಳಿದ ಮೂವರು ಹೊತ್ತು ನಡೆಯುತ್ತಾರೆ, ಆದರೆ ಪಲ್ಲಕ್ಕಿ ಕುಲುಕುತ್ತದೆ. ಮಿಸ್ಸಿಂಗ್ ಎಂದರೆ ಇದೇ.

ಇಷ್ಟು ವರ್ಷ ಕೈಗೆ ಗ್ರೀಸ್ ಬಳಿದುಕೊಂಡವನಾಗಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಯಾವ ಸಿಲಿಂಡರ್ ಸೋತಿದೆ, ಏಕೆ ಸೋತಿದೆ ಎಂದು ಅಳೆದು ತೋರಿಸುವವರೆಗೂ ಎಂಜಿನ್ ಬಿಚ್ಚಲು ಒಪ್ಪಬೇಡಿ.

ಬೈಲಹೊಂಗಲದ ಕಡೆಯ ಶಿಕ್ಷಕರೊಬ್ಬರು ಹಳೆಯ ಪೆಟ್ರೋಲ್ ಕಾರು ತಂದರು. ಸಿಎನ್‌ಜಿ ಕೂಡಿಸಿದ ಗಾಡಿ. ಬೇರೊಂದು ಕಡೆ ಕಿಡಿ ಹಾರಿಸುವ ಪ್ಲಗ್, ಅದಕ್ಕೆ ವಿದ್ಯುತ್ ಕೊಡುವ ಕಾಯಿಲ್ ಎಲ್ಲ ಬದಲಿಸಿ, ಕೊನೆಗೆ 'ಪೂರ್ತಿ ಎಂಜಿನ್ ಕೆಲಸ ಮಾಡಿಸಬೇಕು' ಎಂದಿದ್ದರಂತೆ. ಮಗಳ ಕಾಲೇಜಿನ ಶುಲ್ಕಕ್ಕೆಂದು ಕೂಡಿಟ್ಟ ಹಣವನ್ನು ಎಂಜಿನ್ನಿಗೆ ಹಾಕುವ ಯೋಚನೆಯಲ್ಲಿದ್ದರು.

ಮೊದಲು ಗ್ಯಾಸ್ ಬಿಟ್ಟು ಪೆಟ್ರೋಲ್‌ನಲ್ಲಿ ಓಡಿಸಿದೆ. ಆಗಲೂ ಮಿಸ್ಸಿಂಗ್ ಇತ್ತು. ಅಲ್ಲಿಗೆ ಗ್ಯಾಸ್ ಕಿಟ್‌ನ ಮೇಲಿನ ಅನುಮಾನ ಹೋಯಿತು. ಕಾರಿನ ಕಂಪ್ಯೂಟರ್ ಗುರುತಿಸಿದ ದೋಷವನ್ನು ಓದುವ ಸ್ಕ್ಯಾನರ್ ಹಚ್ಚಿದಾಗ ಬಂದ ಕೋಡ್ ಪಿ 0303. ಕೊನೆಯ ಅಂಕಿ ಸಿಲಿಂಡರಿನದು, ಅಂದರೆ ಮೂರನೆಯದು. ಸ್ಕ್ಯಾನರ್ ಇಲ್ಲದಿದ್ದರೂ ಇದನ್ನು ಕಂಡುಹಿಡಿಯಬಹುದು. ಎಂಜಿನ್ ಓಡುತ್ತಿರುವಾಗ ಇಂಧನ ಸಿಂಪಡಿಸುವ ಒಂದೊಂದೇ ಇಂಜೆಕ್ಟರಿನ ಕನೆಕ್ಟರ್ ತೆಗೆದು ಹಾಕುತ್ತಾ ಹೋಗಿ. ದುಡಿಯುವ ಸಿಲಿಂಡರಿನದು ತೆಗೆದರೆ ಎಂಜಿನ್ ಇನ್ನಷ್ಟು ಕುಗ್ಗುತ್ತದೆ. ತೆಗೆದರೂ ಶಬ್ದ ಬದಲಾಗದಿದ್ದರೆ ಸೋತದ್ದು ಅದೇ.

ಕೋಡ್ ಬಂದ ಮಾತ್ರಕ್ಕೆ ಕಾರಣ ತಿಳಿಯುವುದಿಲ್ಲ. ಎರಡನೆಯ ಸಿಲಿಂಡರಿನ ಕಾಯಿಲ್ಲನ್ನು ಮೂರಕ್ಕೆ, ಮೂರರದನ್ನು ಎರಡಕ್ಕೆ ಹಾಕಿದೆ. ದೋಷ ಕಾಯಿಲ್ಲಿನ ಜೊತೆಗೆ ಎರಡಕ್ಕೆ ಹೋಗಿದ್ದರೆ ಕಾಯಿಲ್ ಕೆಟ್ಟಿದೆ ಎಂದಾಗುತ್ತಿತ್ತು. ಹೋಗಲಿಲ್ಲ. ಇಂಜೆಕ್ಟರನ್ನೂ ಹಾಗೆಯೇ ಅದಲುಬದಲು ಮಾಡಿದೆ, ದೋಷ ಮೂರರಲ್ಲೇ ಉಳಿಯಿತು. ಇದಕ್ಕೆ ಖರ್ಚಾದದ್ದು ಅರ್ಧ ದಿನದ ದುಡಿಮೆ ಮಾತ್ರ, ಹೊಸ ಸಾಮಾನು ಒಂದೂ ಇಲ್ಲ.

ಪ್ಲಗ್ ಬಿಚ್ಚುವ ಮೊದಲು ಅದರ ಗುಂಡಿಗೆ ಗಾಳಿ ಹೊಡೆಯಿರಿ. ವಿಜಯಪುರ, ಬಾಗಲಕೋಟೆ ಕಡೆಯ ಗಾಡಿಗಳಲ್ಲಂತೂ ಅಲ್ಲಿ ಧೂಳು ಕೂತಿರುತ್ತದೆ, ಪ್ಲಗ್ ತೆಗೆದೊಡನೆ ನೇರವಾಗಿ ಸಿಲಿಂಡರಿಗೆ ಬೀಳುತ್ತದೆ. ಈ ಕಾರಿನ ಮೂರು ಪ್ಲಗ್‌ಗಳ ತುದಿ ತಿಳಿ ಕಂದು ಬಣ್ಣದಲ್ಲಿದ್ದವು, ಅದು ಸರಿಯಾದ ಉರಿಯ ಗುರುತು. ಮೂರನೆಯದು ಮಾತ್ರ ಮಸಿ ಹಿಡಿದು ಕಪ್ಪಾಗಿತ್ತು.

ಎಂಜಿನ್ ಬಿಸಿಯಿರುವಾಗಲೇ ನಾಲ್ಕೂ ಪ್ಲಗ್ ತೆಗೆದು, ಇಂಧನ ಮತ್ತು ಕಿಡಿಯ ಸಂಪರ್ಕ ತಪ್ಪಿಸಿ, ಆ್ಯಕ್ಸಿಲರೇಟರ್ ಪೂರ್ತಿ ಒತ್ತಿಸಿ, ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಚ್ಚಿ ಸೆಲ್ಫ್ ಹೊಡೆಸಿದೆ. ಒತ್ತಡ ಕ್ರಮವಾಗಿ 170, 165, 95, 170 ಪಿಎಸ್‌ಐ. ಎಲ್ಲಕ್ಕಿಂತ ಕಡಿಮೆ ಇರುವುದು ಎಲ್ಲಕ್ಕಿಂತ ಹೆಚ್ಚಿರುವುದರ ಮುಕ್ಕಾಲು ಪಾಲಾದರೂ ಇರಬೇಕು. ಇಲ್ಲಿ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಮೂರನೆಯದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದೆ: 100. ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದ್ದರೆ ಆಯಿಲ್ ಸಂದು ಮುಚ್ಚಿ ಒತ್ತಡ ಚೆನ್ನಾಗಿ ಏರುತ್ತಿತ್ತು. ಏರಲಿಲ್ಲವಾದ್ದರಿಂದ ಪಿಸ್ಟನ್, ರಿಂಗ್ ಬದಲಿಸುವ ಮಾತು ಅಲ್ಲಿಗೇ ಮುಗಿಯಿತು.

ಮೂರನೆಯ ಪಿಸ್ಟನ್ನನ್ನು ಕಂಪ್ರೆಷನ್ ಹೊಡೆತದ ತುದಿಗೆ ತಂದು, ಎರಡೂ ವಾಲ್ವ್ ಮುಚ್ಚಿರುವುದನ್ನು ಖಚಿತ ಮಾಡಿಕೊಂಡು, ಪ್ಲಗ್‌ನ ತೂತಿನಿಂದ ಗಾಳಿ ಬಿಟ್ಟೆ. ಗ್ಯಾರೇಜಿನಲ್ಲಿ ಎಲ್ಲರೂ ಸುಮ್ಮನಾದೆವು. ಆಯಿಲ್ ಹಾಕುವ ಬಾಯಿಗೆ ಕಿವಿಯಿಟ್ಟರೆ ಹೆಚ್ಚೇನೂ ಇಲ್ಲ, ಅಂದರೆ ರಿಂಗ್ ಕಡೆಯಿಂದ ಸೋರಿಕೆ ಇಲ್ಲ. ರೇಡಿಯೇಟರ್ ನೀರಿನಲ್ಲಿ ಗುಳ್ಳೆ ಇಲ್ಲ, ಅಂದರೆ ಎಂಜಿನ್ ಮೇಲ್ಭಾಗವಾದ ಹೆಡ್ಡಿನ ಕೆಳಗೆ ಸೋರದಂತೆ ಕೂಡಿಸಿದ ಹೆಡ್ ಗ್ಯಾಸ್ಕೆಟ್ ಗಟ್ಟಿಯಾಗಿದೆ. ಶಿಕ್ಷಕರನ್ನು ಕರೆದು ಸೈಲೆನ್ಸರ್ ಪೈಪಿನ ಬಳಿ ಬಗ್ಗಿಸಿದೆ. ಅಲ್ಲಿ ಸುಯ್ ಎಂದು ಗಾಳಿ ಸೋರುತ್ತಿತ್ತು. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತನ್ನ ಸೀಟಿನ ಮೇಲೆ ಸರಿಯಾಗಿ ಕೂರುತ್ತಿಲ್ಲ. ಆ ಸದ್ದನ್ನು ಅವರೇ ಕೇಳಿದರು, ನಾನು ಮತ್ತೇನೂ ವಿವರಿಸಬೇಕಾಗಲಿಲ್ಲ.

ಮೇಲಿನ ಕವರ್ ತೆಗೆದು ಸಂದು ಅಳೆಯುವ ತೆಳು ತಗಡು, ಫೀಲರ್ ಗೇಜ್, ತೂರಿಸಿದರೆ ವಾಲ್ವನ್ನು ಒತ್ತುವ ಮೂರನೆಯ ಎಕ್ಸಾಸ್ಟ್ ಟ್ಯಾಪೆಟ್‌ನಲ್ಲಿ ಸಂದೇ ಇರಲಿಲ್ಲ. ಟ್ಯಾಪೆಟ್ ಸರಿಪಡಿಸಿ ಮತ್ತೆ ಅಳೆದೆ, ಏಕೆಂದರೆ ಕೆಲವೊಮ್ಮೆ ಅಷ್ಟಕ್ಕೇ ಸರಿಹೋಗುತ್ತದೆ. ಬಂದದ್ದು 110. ಆಗ ಮಾತ್ರ ಹೆಡ್ ಇಳಿಸಿದೆ. ವಾಲ್ವ್‌ನ ಅಂಚು ಒಂದು ಕಡೆ ಮುರಿದ ಉಗುರಿನಂತೆ ಸುಟ್ಟು ಹೋಗಿತ್ತು.

ಎಕ್ಸಾಸ್ಟ್ ವಾಲ್ವ್‌ನ ಕಾವು ಬಹುಪಾಲು ಇಳಿಯುವುದು ಅದು ಸೀಟಿನ ಮೇಲೆ ಕೂತ ಕ್ಷಣದಲ್ಲಿ, ಸೀಟಿನ ಮೂಲಕ. ಗ್ಯಾಸಿನಲ್ಲಿ ಓಡುವ ಎಂಜಿನ್‌ನಲ್ಲಿ ಸೀಟು ಬೇಗ ಸವೆಯುತ್ತದೆ, ವಾಲ್ವ್ ಮೇಲಕ್ಕೆ ಸರಿದು ಟ್ಯಾಪೆಟ್ ಸಂದು ಮುಚ್ಚುತ್ತದೆ. ಸಂದು ಮುಚ್ಚಿದ ವಾಲ್ವ್ ಪೂರ್ತಿ ಕೂರಲಾರದು. ಕೂರದಿದ್ದರೆ ತಣಿಯದು, ತಣಿಯದಿದ್ದರೆ ಸುಡುತ್ತದೆ.

ಹೆಡ್ಡನ್ನು ಬೆಳಗಾವಿಯ ಉದ್ಯಮಬಾಗದ ಒಂದು ವರ್ಕ್‌ಶಾಪಿಗೆ ಒಯ್ದು ಸೀಟು ಕತ್ತರಿಸಿಸಿದೆವು. ಹೊಸ ವಾಲ್ವ್, ವಾಲ್ವನ್ನು ಸೀಟಿಗೆ ಉಜ್ಜಿ ಕೂರಿಸುವ ಲ್ಯಾಪಿಂಗ್, ಹೊಸ ಗ್ಯಾಸ್ಕೆಟ್, ಟ್ಯಾಪೆಟ್ ಹೊಂದಾಣಿಕೆ. ಮೂರನೆಯದು 168 ತೋರಿಸಿತು. ಎಂಜಿನ್‌ನ ಕೆಳಭಾಗವನ್ನು ಮುಟ್ಟಲೇ ಇಲ್ಲ.

ಇನ್ನೊಂದು ಮಾತು. ಎಂಜಿನ್ ದೀಪ ಸುಮ್ಮನೆ ಉರಿಯದೆ ಮಿನುಗತೊಡಗಿದರೆ ಗಾಡಿಯನ್ನು ಮುಂದೆ ಓಡಿಸಬೇಡಿ, ಬದಿಗೆ ನಿಲ್ಲಿಸಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ, ಅದು ಕರಗಿದರೆ ಪ್ಲಗ್, ಕಾಯಿಲ್ಲಿಗಿಂತ ಎಷ್ಟೋ ದುಬಾರಿ. ಡೀಸೆಲ್ ಕಾರಿನವರು, ಓಡುವ ಎಂಜಿನ್‌ನ ಇಂಜೆಕ್ಟರ್ ಪೈಪ್ ಸಡಿಲಿಸುವ ಹಳೆಯ ಪದ್ಧತಿಯನ್ನು ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಹೋಗುವ ಕಾಮನ್ ರೈಲ್ ಗಾಡಿಯಲ್ಲಿ ಖಂಡಿತ ಮಾಡಬೇಡಿ. ಅಲ್ಲಿನ ಒತ್ತಡ ಸಾವಿರ ಬಾರ್‌ಗೂ ಮೀರುತ್ತದೆ, ಚಿಮ್ಮಿದ ಡೀಸೆಲ್ ಚರ್ಮವನ್ನೇ ಸೀಳಿ ಒಳಹೊಗುತ್ತದೆ.

ಗ್ಯಾಸಿನಲ್ಲಿ ಓಡಿಸುವವರು ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟು ಕಿಲೋಮೀಟರಿಗೊಮ್ಮೆ ಟ್ಯಾಪೆಟ್ ಅಳೆಯಿಸಿ. ಅಳೆದ ಅಂಕಿಗಳನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಆ ಶಿಕ್ಷಕರ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಈಗ ಅಂಥ ಎರಡು ಬಿಲ್ಲುಗಳಿವೆ.

ನಮಸ್ಕಾರ.