ಗಂಜಿನಲ್ಲಿ ಕಾಯುವವರು, ಕಾಯಲಾರದವರು

ಎಲ್ಲರಿಗೂ ನಮಸ್ಕಾರ.

ಎಳ್ಳ ಅಮಾವಾಸ್ಯೆ ಮುಗೀತು. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ, ಕಡುಬು ಉಂಡು ಬಂದಿದ್ದೀರಿ. ಈಗ ತೊಗರಿ ರಾಶಿ ಜೋರಾಗಿ ನಡೆದಿದೆ. ಕಲಬುರಗಿಯ ಗಂಜಿಗೆ, ಅಂದರೆ ಕೃಷಿ ಮಾರುಕಟ್ಟೆಗೆ, ಹೋಗೋ ದಾರಿಯಲ್ಲಿ ಬೆಳಿಗ್ಗೆಯೇ ಟ್ರ್ಯಾಕ್ಟರು, ಟಂಟಂ ಸಾಲುಗಟ್ಟಿ ನಿಂತಿರುತ್ತವೆ. ಇದೇ ಹೊತ್ತಲ್ಲಿ ಒಂದು ಹಳೇ ಜಗಳದ ಬಗ್ಗೆ ನಿಮ್ಮ ಜೊತೆ ಮಾತಾಡಬೇಕು ಅನ್ನಿಸಿತು. ಬಡತನ ಹೋಗಬೇಕು, ಇದ್ದವರಿಗೂ ಇಲ್ಲದವರಿಗೂ ನಡುವಿನ ಅಂತರ ಕಡಿಮೆ ಆಗಬೇಕು ಅಂದರೆ ಎಲ್ಲಾನೂ ಸರ್ಕಾರ ಹಿಡಿತದಲ್ಲಿ ಇಟ್ಟುಕೊಳ್ಳಬೇಕಾ, ಇಲ್ಲಾ ಪೇಟೆಗೆ ಬಿಟ್ಟುಬಿಡಬೇಕಾ?

ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಈ ಪಾಠ ಬಂದಾಗಲೆಲ್ಲ ಕ್ಲಾಸು ಎರಡು ಪಾಲಾಗುತ್ತದೆ. ಮಕ್ಕಳು ಚೆನ್ನಾಗಿಯೇ ವಾದ ಮಾಡುತ್ತಾರೆ. ಆದರೆ ನನಗೆ ಈ ಪಾಠ ಪುಸ್ತಕದಿಂದ ಅರ್ಥ ಆಗಿದ್ದಕ್ಕಿಂತ ಜಾಸ್ತಿ, 2017ರ ಫೆಬ್ರುವರಿಯಲ್ಲಿ ನಮ್ಮಪ್ಪನ ಜೊತೆ ಸರ್ಕಾರದ ತೊಗರಿ ಖರೀದಿ ಕೇಂದ್ರದ ಮುಂದೆ ಮೂರು ದಿನ ಕೂತಾಗ ಅರ್ಥ ಆಯಿತು.

ನಮ್ಮದು ಜೇವರ್ಗಿ ತಾಲ್ಲೂಕು. ಎಂಟು ಎಕರೆ ಹೊಲ, ಎಲ್ಲಾ ಮಳೆ ನಂಬಿದ್ದು. ಅದಕ್ಕಿಂತ ಎರಡು ವರ್ಷ ಹಿಂದೆ, 2015ರಲ್ಲಿ, ಬರ ಬಿದ್ದಿತ್ತು. ತೊಗರಿ ಬೇಳೆ ಕೆಜಿಗೆ 200 ರೂಪಾಯಿ ಮುಟ್ಟಿತ್ತು, ನಿಮಗೆ ನೆನಪಿರಬೇಕು. ಆಗ ಸರ್ಕಾರ ದಾಸ್ತಾನಿಗೆ ಮಿತಿ ಹಾಕಿತು, ಗೋದಾಮುಗಳ ಮೇಲೆ ದಾಳಿ ಮಾಡಿತು, ಹೊರದೇಶದಿಂದ ಬೇಳೆಕಾಳು ತರಿಸಿತು, 2016ರ ಜುಲೈನಲ್ಲಿ ಮೊಜಾಂಬಿಕ್ ದೇಶದ ಜೊತೆ ವರ್ಷ ವರ್ಷ ತೊಗರಿ ತರಿಸಿಕೊಳ್ಳುವ ಒಪ್ಪಂದಕ್ಕೂ ಸಹಿ ಹಾಕಿತು. ರೈತರಿಗೆ ಹೇಳಿದ್ದೇನು? ತೊಗರಿ ಜಾಸ್ತಿ ಬಿತ್ತಿ ಅಂತ. ಬಿತ್ತಿದರು. ಮಳೆನೂ ಕೈಹಿಡಿಯಿತು. ದೇಶದ ತೊಗರಿ ಸುಮಾರು 25 ಲಕ್ಷ ಟನ್ ಇದ್ದದ್ದು ಒಂದೇ ವರ್ಷದಲ್ಲಿ 45 ಲಕ್ಷ ಟನ್ ದಾಟಿತು.

ಆಮೇಲೆ ಏನಾಗಬೇಕೋ ಅದೇ ಆಯಿತು. ಬೆಲೆ ಬಿತ್ತು. ಬೋನಸ್ ಸೇರಿ ಬೆಂಬಲ ಬೆಲೆ ಕ್ವಿಂಟಲಿಗೆ 5,050 ರೂಪಾಯಿ ಇತ್ತು, ಗಂಜಿನಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಕೇಳುತ್ತಿದ್ದರು. ಹಾಗಾಗಿ ನಮ್ಮಪ್ಪ ಹದಿನೆಂಟು ಚೀಲ ಟ್ರ್ಯಾಕ್ಟರಿಗೆ ಹಾಕಿಕೊಂಡು ಖರೀದಿ ಕೇಂದ್ರಕ್ಕೆ ಹೋದರು. ಮೊದಲ ದಿನ ಪಹಣಿ, ಬ್ಯಾಂಕ್ ಪಾಸ್‌ಬುಕ್ಕು, ಆಧಾರ್ ಕಾರ್ಡು ತೋರಿಸೋದರಲ್ಲೇ ಹೋಯಿತು. ಎರಡನೇ ದಿನ ಕಾಳಿನ ತೇವ ನೋಡೋ ಮಷೀನು 13 ತೋರಿಸಿತು. 12ಕ್ಕಿಂತ ಜಾಸ್ತಿ ಇದ್ದರೆ ತಗೊಳ್ಳುವುದಿಲ್ಲ ಅಂದರು. ಅಲ್ಲೇ ಅಂಗಳದಲ್ಲಿ ತಾಡಪತ್ರಿ ಹಾಸಿ, ಹದಿನೆಂಟು ಚೀಲ ಸುರಿದು, ಇಡೀ ದಿನ ಬಿಸಿಲಲ್ಲಿ ಕಾಲಿಂದ ತಿರುವಿ ಒಣಗಿಸಿದೆವು. ಹಕ್ಕಿ, ದನ ಕಾಯೋದು ನನ್ನ ಪಾಲಿಗೆ ಬಂತು. ಮೂರನೇ ದಿನ ತೇವ ಸರಿ ಬಂತು, ಆದರೆ ಗೋಣಿಚೀಲ ಖಾಲಿ ಆಗಿದ್ದವು. ಚೀಲ ಯಾವಾಗ ಬರುತ್ತವೆ ಅಂದರೆ ಯಾರಿಗೂ ಗೊತ್ತಿಲ್ಲ. ಟ್ರ್ಯಾಕ್ಟರಿನ ಬಾಡಿಗೆ ಏರುತ್ತಾ ಇತ್ತು. ಮುಂದಿನ ವಾರ ತಂಗಿಯ ಕುಬಸ, ಅಂದರೆ ಸೀಮಂತ. ನಾಲ್ಕನೇ ದಿನ ಬೆಳಿಗ್ಗೆ ಅಪ್ಪ ಒಂದೂ ಮಾತಾಡದೆ ಟ್ರ್ಯಾಕ್ಟರ್ ತಿರುಗಿಸಿ ಗಂಜಿಗೆ ಹೋಗಿ, ಕೇಳಿದ ಬೆಲೆಗೆ ಮಾರಿ ಬಂದರು.

ಆಮದು ಸುಂಕ ಶೇ 10 ಹಾಕಿದ್ದು ಆ ಮಾರ್ಚ್‌ನಲ್ಲಿ. ವರ್ಷಕ್ಕೆ ಎರಡು ಲಕ್ಷ ಟನ್‌ಗಿಂತ ಜಾಸ್ತಿ ತರಬಾರದು ಅಂತ ಮಿತಿ ಹಾಕಿದ್ದು ಆಗಸ್ಟ್‌ನಲ್ಲಿ. ಅಷ್ಟೊತ್ತಿಗೆ ಸಣ್ಣ ರೈತರ ಮನೆಯಲ್ಲಿ ತೊಗರಿ ಇರಲೇ ಇಲ್ಲ.

ಇದನ್ನು ಕೇಳಿ ಕೆಲವರು ನೋಡಿ, ಸರ್ಕಾರ ಕೈ ಹಾಕಿದ್ದಕ್ಕೇ ಹೀಗಾಯಿತು, ಪೇಟೆಗೆ ಬಿಟ್ಟಿದ್ದರೆ ಸರಿ ಹೋಗುತ್ತಿತ್ತು ಅನ್ನುತ್ತಾರೆ. ಅದರಲ್ಲಿ ಅರ್ಧ ಸತ್ಯ ಇದೆ. ಬೆಲೆ ಏರಿದಾಗ ನಗರದವರಿಗೋಸ್ಕರ ಕೆಳಗೆ ಒತ್ತೋದು, ಬಿದ್ದಾಗ ರೈತನನ್ನು ಸಾಲಿನಲ್ಲಿ ನಿಲ್ಲಿಸೋದು, ಇದಕ್ಕಿಂತ ಸುಮ್ನೆ ಇದ್ದರೆ ಎಷ್ಟೋ ಮೇಲು ಅಂತ ನನಗೂ ಅನ್ನಿಸಿದೆ. ಆದರೆ ಬರೀ ಪೇಟೆಗೆ ಬಿಟ್ಟಿದ್ದ ಕಾಲ ಹೇಗಿತ್ತು ಅಂತ ಹಿರಿಯರನ್ನು ಕೇಳಬೇಕು. ನಮ್ಮಜ್ಜ ಹೇಳುತ್ತಿದ್ದರು, ದಲಾಲರು ವಸ್ತ್ರದ ಕೆಳಗೆ ಕೈ ಹಿಡಿದು ಬೆರಳು ಒತ್ತಿ ರೇಟು ಮಾಡಿಕೊಳ್ಳುತ್ತಿದ್ದರಂತೆ. ಕಾಳಿನ ಒಡೆಯ ಎದುರಿಗೇ ನಿಂತಿದ್ದರೂ ಅವನಿಗೆ ತನ್ನ ಕಾಳಿನ ಬೆಲೆ ಗೊತ್ತಾಗುತ್ತಿರಲಿಲ್ಲ. ತೂಕದಲ್ಲಿ ಹೊಡೆತ, ಮೇಲೆ ಧರ್ಮಕ್ಕೆ ಅಂತ ಒಂದು ಹಿಡಿ, ಹಮಾಲನಿಗೆ ಅಂತ ಒಂದು ಹಿಡಿ. ನಿಜಾಮರ ಕಾಲದಲ್ಲೇ, 1930ರಲ್ಲಿ, ಹೈದರಾಬಾದ್ ಸಂಸ್ಥಾನ ಕೃಷಿ ಮಾರುಕಟ್ಟೆ ಕಾಯ್ದೆ ತಂದದ್ದು ಇಂಥ ಪೇಟೆಗೆ ಲಗಾಮು ಹಾಕಲಿಕ್ಕೆ. ಆಮೇಲೆ 1966ರ ಕರ್ನಾಟಕದ ಕಾಯ್ದೆ ಬಂತು. ಈಗ ಟೆಂಡರ್ ಆನ್‌ಲೈನ್ ಆಗಿದೆ, ರೇಟು ಮೊಬೈಲಿಗೇ ಬರುತ್ತದೆ. ಹತ್ತು ಜನ ಖರೀದಿದಾರರು ಒಂದೇ ರಾಶಿಗೆ ಪೈಪೋಟಿ ಮಾಡುವ ಪೇಟೆ ತಾನಾಗೇ ಹುಟ್ಟಲಿಲ್ಲ, ಅದಕ್ಕೆ ಕಾನೂನು ಬೇಕಾಯಿತು, ತಕ್ಕಡಿ ಪರೀಕ್ಷೆ ಮಾಡುವವರು ಬೇಕಾಯಿತು.

ಹಾಗಂತ ಸರ್ಕಾರವೇ ಅಂಗಡಿ ನಡೆಸಲಿ, ಮಿಲ್ಲು ನಡೆಸಲಿ ಅಂದರೆ, ಕಲಬುರಗಿಯಲ್ಲೇ ಎಂಎಸ್‌ಕೆ ಮಿಲ್ ಇತ್ತು. ಸಾವಿರಾರು ಮನೆಗೆ ಅನ್ನ ಹಾಕಿದ ಬಟ್ಟೆ ಗಿರಣಿ. 1974ರಲ್ಲಿ ಅದನ್ನು ಕೇಂದ್ರ ಸರ್ಕಾರ ವಹಿಸಿಕೊಂಡಿತು. ಆದರೂ ಮುಚ್ಚಿಹೋಯಿತು. ಈಗ ಉಳಿದಿರೋದು ಬಡಾವಣೆಯ ಹೆಸರು.

ಹಾಗಿದ್ದರೆ ನನ್ನ ಮಾತು ಏನು? ಇಷ್ಟೇ. ಪೇಟೆಯಲ್ಲಿ ಗೆಲ್ಲುವವನು ಕಾಯಬಲ್ಲವನು. ಬಡವ ಅಂದರೆ ಯಾರು ಅಂತ ನನ್ನನ್ನು ಕೇಳಿದರೆ, ಕಾಯಲಿಕ್ಕೆ ಆಗದವನು ಅಂತ ಹೇಳುತ್ತೇನೆ. ನಮ್ಮಪ್ಪ ಬೀಜ, ಗೊಬ್ಬರ, ಔಷಧಿ ಎಲ್ಲಾ ಅಡತಿ ಅಂಗಡಿಯಿಂದ, ಅಂದರೆ ದಲಾಲರ ಅಂಗಡಿಯಿಂದ, ಉದ್ರಿ ತಂದಿರುತ್ತಾರೆ. ರಾಶಿ ಆದ ವಾರದೊಳಗೆ ಆ ಅಂಗಡಿಗೇ ಕಾಳು ಹಾಕಬೇಕು. ಬಡ್ಡಿ ಓಡುತ್ತಾ ಇರುತ್ತದೆ. ಅದೇ ಕಾಳನ್ನು ಕೊಂಡ ದಾಲ್ ಮಿಲ್ಲಿನವರಿಗೆ ಗೋದಾಮು ಇದೆ, ಬ್ಯಾಂಕಿನ ಸಾಲ ಇದೆ, ಆರು ತಿಂಗಳು ಇಡಬಲ್ಲರು. ಅವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ, ಅವರ ವ್ಯಾಪಾರವೇ ಹಾಗೆ. 2023ರಲ್ಲಿ ನೋಡಿ. ಆ ಹಂಗಾಮಿನಲ್ಲಿ ನೆಟೆ ರೋಗ ಬಂದು ನಮ್ಮ ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿತ್ತು. ಉಳಿದಷ್ಟು ಕಾಳನ್ನು ಜನವರಿಯಲ್ಲಿ ಏಳು ಸಾವಿರದ ಆಸುಪಾಸು ಮಾರಿದೆವು. ಆಗಸ್ಟ್ ಬರುವಷ್ಟರಲ್ಲಿ ಅದು ಹತ್ತು ಸಾವಿರ ದಾಟಿತ್ತು. ಬೆಳೆದವರು ನಾವು, ರೋಗ ಅನುಭವಿಸಿದವರು ನಾವು, ಏರಿದ ಮೂರು ಸಾವಿರ ನಮ್ಮದಾಗಲಿಲ್ಲ. ಅಂತರ ಅನ್ನೋದು ಹೀಗೇ ಬೆಳೆಯುತ್ತದೆ, ವರ್ಷಕ್ಕೆ ಒಂದು ಪದರ.

ಕಾದರೆ ಯಾವಾಗಲೂ ಲಾಭ ಅಂತಲ್ಲ. 2024ರಲ್ಲಿ ಹತ್ತು ಸಾವಿರದ ಮೇಲಿದ್ದ ಬೆಲೆ ಮುಂದಿನ ಜನವರಿಗೆ ಬೆಂಬಲ ಬೆಲೆ 7,550ಕ್ಕಿಂತ ಕೆಳಗೆ ಇಳಿಯಿತು. ಆಮದಿಗೆ 2021ರ ಮೇ ತಿಂಗಳಿಂದ ಬಾಗಿಲು ತೆರೆದೇ ಇತ್ತು. ಆ ಸಲ ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ 8,000 ಕೊಟ್ಟಿತು. ಒಳ್ಳೇದೇ. 2025-26ಕ್ಕೆ ಕೇಂದ್ರದ ಬೆಂಬಲ ಬೆಲೆಯೇ 8,000 ಆಯಿತು. ಆದರೆ ಖರೀದಿ ಕೇಂದ್ರದ ಬಾಗಿಲು ತೆರೆಯೋ ದಿನ ಗೊತ್ತಿಲ್ಲದಿದ್ದರೆ, ಚೀಲ ಇಲ್ಲದಿದ್ದರೆ, ಆ ಅಂಕಿ ಗೋಡೆ ಮೇಲಿನ ಬರಹ ಅಷ್ಟೇ.

ಇಲ್ಲಿ ಇನ್ನೊಬ್ಬರ ಮಾತು ಹೇಳದೆ ಮುಂದೆ ಹೋಗಲಿಕ್ಕೆ ನನಗೆ ಮನಸ್ಸಾಗುವುದಿಲ್ಲ. ನಮ್ಮ ಹೊಲಕ್ಕೆ ತೊಗರಿ ಕೊಯ್ಯಲಿಕ್ಕೆ ಬರುವ ಒಬ್ಬ ಅಕ್ಕ ಇದ್ದಾರೆ. ಸ್ವಂತ ಹೊಲ ಇಲ್ಲ. ಬೇಸಿಗೆ ಬಂದರೆ ಗಂಡ ಮಕ್ಕಳ ಜೊತೆ ಪುಣೆಗೆ ಗುಳೆ ಹೋಗುತ್ತಿದ್ದವರು. 2024ರಲ್ಲಿ ತೊಗರಿಗೆ ಹತ್ತು ಸಾವಿರ ಬಂದಾಗ ನಮ್ಮ ಮನೆಯಲ್ಲಿ ಸಂತೋಷ, ಅವರ ಮನೆಯಲ್ಲಿ ಬೇಳೆ ಇಲ್ಲ. ತಾವೇ ಕೊಯ್ದ ತೊಗರಿಯ ಬೇಳೆಯನ್ನು ಕಿರಾಣಿ ಅಂಗಡಿಯಲ್ಲಿ ಕಾಲು ಕೆಜಿ ಲೆಕ್ಕದಲ್ಲಿ ತರುತ್ತಾರೆ. ಬೆಲೆಯನ್ನು ಮೇಲೆ ಎತ್ತಿದರೆ ಅವರಿಗೆ ಪೆಟ್ಟು, ಕೆಳಗೆ ಒತ್ತಿದರೆ ನಮ್ಮಪ್ಪನಿಗೆ ಪೆಟ್ಟು. ಇಬ್ಬರೂ ಬಡವರೇ ಅಲ್ವಾ? ಹಾಗಾಗಿ ಬೆಲೆಯ ಜುಟ್ಟು ಹಿಡಿದು ಎಳೆದಾಡಿ ಬಡತನ ಕಳೆಯುತ್ತೇನೆ ಅನ್ನುವ ಸರ್ಕಾರದ ಮೇಲೆ ನನಗೆ ನಂಬಿಕೆ ಇಲ್ಲ. ಬೆಲೆ ಪೇಟೆಯಲ್ಲಿ ಆಗಲಿ. ಆ ಅಕ್ಕನಿಗೆ ರೇಷನ್ ಅಂಗಡಿಯಲ್ಲಿ ಅಕ್ಕಿಯ ಜೊತೆ ಬೇಳೆನೂ ಸಿಗಲಿ. ತಮಿಳುನಾಡಿನಲ್ಲಿ ಎಷ್ಟೋ ವರ್ಷದಿಂದ ಕೆಜಿಗೆ 30 ರೂಪಾಯಿಗೆ ಕೊಡುತ್ತಿದ್ದಾರೆ. ಆ ಬೇಳೆಯನ್ನು ನಮ್ಮ ಜಿಲ್ಲೆಯ ರೈತರಿಂದಲೇ ಸರ್ಕಾರ ಕೊಳ್ಳಲಿ.

ಪುಕ್ಕಟೆ ಕೊಟ್ಟರೆ ಜನ ದುಡಿಯುವುದಿಲ್ಲ ಅಂತ ಬಹಳ ಕೇಳಿದ್ದೇನೆ. 2013ರ ಜುಲೈನಲ್ಲಿ ಅನ್ನಭಾಗ್ಯ ಶುರುವಾದಾಗ ಊರ ಕಟ್ಟೆ ಮೇಲೆ ಇದೇ ಮಾತು. ಅದಕ್ಕೂ ಮುಂಚೆ, 2006ರ ಫೆಬ್ರುವರಿಯಲ್ಲಿ ಉದ್ಯೋಗ ಖಾತ್ರಿ ಮೊದಲು ಬಂದ ಜಿಲ್ಲೆಗಳಲ್ಲಿ ನಮ್ಮದೂ, ಬೀದರೂ ಇದ್ದವು, ಆಗಲೂ ಇದೇ ಮಾತು. ಕೂಲಿ ಜಾಸ್ತಿ ಕೇಳುತ್ತಾರೆ ಅಂತ ನಮ್ಮಪ್ಪನೂ ಗೊಣಗಿದ್ದುಂಟು. ಒಂದು ದಿನ ನಾನು ಆ ಅಕ್ಕನನ್ನೇ ಕೇಳಿದೆ. ಕುಡುಗೋಲು ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು: "ಮನ್ಯಾಗ ಅಕ್ಕಿ ಇದ್ರ ಕೂಲಿ ಕೇಳ್ಲಾಕ ಬಾಯಿ ಬರ್ತದ್ರಿ ಅಕ್ಕೋರೆ. ಮೊದಲ ಎಷ್ಟ್ ಕೊಟ್ರೂ ಹೂಂ ಅಂತಿದ್ವಿ."

ಅಡತಿಯವರ ಮುಂದೆ ನಮ್ಮಪ್ಪನಿಗೆ ಏನು ಬೇಕಿತ್ತೋ, ನಮ್ಮಪ್ಪನ ಮುಂದೆ ಆ ಅಕ್ಕನಿಗೂ ಅದೇ ಬೇಕಿತ್ತು. ಎರಡು ವಾರ ಬೇಡ ಅನ್ನುವ ತಾಕತ್ತು. ಅದನ್ನು ಪೇಟೆ ತಾನಾಗಿ ಯಾರಿಗೂ ಕೊಡುವುದಿಲ್ಲ.

ಹಾಗಾಗಿ ಸರ್ಕಾರದಿಂದ ನಾನು ಕೇಳೋದು ಬಹಳ ಇಲ್ಲ. ಆಮದಿನ ಬಾಗಿಲು ತೆರೆಯೋದಾಗಲಿ ಮುಚ್ಚೋದಾಗಲಿ ಮೃಗಶಿರ ಮಳೆ ಬೀಳೋ ಮೊದಲು ಹೇಳಿಬಿಡಿ, ಏನು ಬಿತ್ತಬೇಕು ಅಂತ ನಾವೇ ಲೆಕ್ಕ ಹಾಕುತ್ತೇವೆ. ಬಿತ್ತಿದ ಮೇಲೆ ಮಾತು ಬದಲಿಸಬೇಡಿ. ರಾಶಿ ಶುರುವಾಗೋ ಮೊದಲೇ ಖರೀದಿ ಕೇಂದ್ರಕ್ಕೆ ಚೀಲ ಕಳಿಸಿ. ಉಗ್ರಾಣದಲ್ಲಿ ಕಾಳಿಟ್ಟು ಆ ರಸೀದಿ ಮೇಲೆ ಸಾಲ ಪಡೆಯಲಿಕ್ಕೆ 2007ರಲ್ಲೇ ಕಾನೂನು ಆಗಿದೆ. ಆದರೆ ಹತ್ತು ಚೀಲ ಇರುವ ರೈತನಿಗೆ ಉಗ್ರಾಣ ದೂರ, ಕಾಗದ ಪತ್ರ ಜಾಸ್ತಿ, ಬ್ಯಾಂಕಿನಲ್ಲಿ ನಾಳೆ ಬಾ ಅನ್ನುವ ಉತ್ತರ. ಹೋಬಳಿಗೊಂದು ಉಗ್ರಾಣ ಕೊಡಿ, ಅಲ್ಲೇ ಅದೇ ದಿನ ದುಡ್ಡು ಕೈಗೆ ಸಿಗಲಿ. ಆಮೇಲೆ ಮಾರೋದು ಯಾರಿಗೆ, ಯಾವಾಗ, ಎಷ್ಟಕ್ಕೆ ಅನ್ನೋದು ನಮಗೆ ಬಿಡಿ. ಅಲ್ಲಿ ಪೇಟೆ ಸ್ವತಂತ್ರವಾಗಿರಲಿ.

ರಾಜ್ಯದ ತಲಾ ಆದಾಯದ ಪಟ್ಟಿಯಲ್ಲಿ ಕಲಬುರಗಿ ಕೊನೆಯಲ್ಲಿ ಇರೋದನ್ನು ಆರ್ಥಿಕ ಸಮೀಕ್ಷೆಯಲ್ಲಿ ನೋಡಿ ನೋಡಿ ಸಾಕಾಗಿದೆ. ನೀತಿ ಆಯೋಗದ 2023ರ ವರದಿಯ ಲೆಕ್ಕದಲ್ಲಿ ಯಾದಗಿರಿಯಲ್ಲಿ ಸುಮಾರು ನಾಲ್ಕು ಜನರಲ್ಲಿ ಒಬ್ಬರು ಬಡವರು, ಇಡೀ ರಾಜ್ಯಕ್ಕೆ ತಗೊಂಡರೆ ಅದು ಶೇ 7.58. ಇಲ್ಲಿಯ ಜನ ಸೋಮಾರಿಗಳಲ್ಲ. ಮುಂಬೈ, ಪುಣೆ, ಬೆಂಗಳೂರಿನ ಕಟ್ಟಡಗಳ ಸೆಂಟ್ರಿಂಗ್ ಕೆಲಸದಲ್ಲಿ ನಮ್ಮ ಭಾಗದವರು ಎಷ್ಟು ಜನ ಇದ್ದಾರೆ ಅಂತ ಹೋಗಿ ನೋಡಿದರೆ ಗೊತ್ತಾಗುತ್ತದೆ.

ಈ ವರ್ಷ ನಮ್ಮಪ್ಪ ಎಂಟು ಚೀಲ ಮಾರಿ ಉದ್ರಿ ತೀರಿಸಿದ್ದಾರೆ. ಆರು ಚೀಲ ಪಡಸಾಲೆಯಲ್ಲಿ ಒಂದರ ಮೇಲೊಂದು ಪೇರಿಸಿ, ನಡುವೆ ಬೇವಿನ ಎಲೆ ಹಾಕಿ ಇಟ್ಟಿದ್ದಾರೆ. ಯುಗಾದಿವರೆಗೆ ಇಡಬೇಕು ಅಂತ ಅವರ ಆಸೆ. ಇಷ್ಟು ದಿನ ಇಟ್ಟಿದ್ದು ಇದೇ ಮೊದಲು. ಆಮದಿನ ಸುದ್ದಿ ಏನು ಬರುತ್ತದೋ ಅಂತ ದಿನಾ ಸಂಜೆ ಆ ಚೀಲಗಳಿಗೆ ಒರಗಿ ಕೂತು ರೇಡಿಯೊ ಹಾಕುತ್ತಾರೆ. ಈಗಲೂ ಕೇಳುತ್ತಾ ಇರುತ್ತಾರೆ.

ನಮಸ್ಕಾರ.