ಕೋಟೆ ಹತ್ತಿದ ಕಾಲು, ಹಿಮಾಲಯದ ಗಾಳಿ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಚಿತ್ರದುರ್ಗದ 14 ಮಕ್ಕಳು ಹಿಮಾಲಯಕ್ಕೆ ಹೊರಟಿದ್ದಾರೆ. ಅವರ ಅಪ್ಪ ಅಮ್ಮಂದಿರೂ ಇಲ್ಲೇ ಕೂತಿದ್ದಾರೆ. ನಿನ್ನೆ ಒಬ್ಬ ಹುಡುಗ ಕೇಳಿದ, "ಸರ್, ವಾರಕ್ಕೆ ಮೂರು ಸಲ ಕೋಟೆ ಹತ್ತುತ್ತೇನೆ, ಜೋಗಿಮಟ್ಟಿ ಬೆಟ್ಟಕ್ಕೆ ಓಡಿಕೊಂಡೇ ಹೋಗ್ತೇನೆ. ಇನ್ನೇನು ಬೇಕು?" ಕಾಲಿಗೆ ಅಷ್ಟು ಸಾಕಪ್ಪ. ಉಸಿರಿಗೆ ಸಾಲದು.

ನಮ್ಮ ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ 1930 ಮೀಟರ್. ಆಮ್ಲಜನಕ ಸಾಲದೆ ಬರುವ ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದೇ 2500 ಮೀಟರ್ ದಾಟಿದ ಮೇಲೆ. ಅಂದರೆ ಇಲ್ಲಿ ಎಷ್ಟು ಹತ್ತಿದರೂ ಅದರ ಪರಿಚಯ ಆಗುವುದಿಲ್ಲ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. 5500 ಮೀಟರಿನಲ್ಲಿ ಸಮುದ್ರಮಟ್ಟದ ಅರ್ಧದಷ್ಟೇ. ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಅರ್ಧ. ದೇಹ ಇದಕ್ಕೂ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ದಿನಗಳು ಬೇಕು. ದಂಡ ಬಸ್ಕಿ ಹೊಡೆದು ಆ ದಿನಗಳನ್ನು ಉಳಿಸಲು ಆಗುವುದಿಲ್ಲ.

ನನ್ನ ಗೆಳೆಯನೊಬ್ಬ ದಾವಣಗೆರೆಯ ಗರಡಿಯಲ್ಲಿ ಬೆಳೆದ ಪೈಲ್ವಾನ. ನಾಲ್ಕು ಬೆಣ್ಣೆದೋಸೆ ತಿಂದು ಐದನೆಯದಕ್ಕೆ ಕಾಯುವವನು. ನಾವಿಬ್ಬರೂ ಒಂದು ಚಾರಣಕ್ಕೆ ಹೋಗಿದ್ದೆವು. 4000 ಮೀಟರಿನ ಡೇರೆಯಲ್ಲಿ ಅವನು ಊಟ ಬೇಡ ಎಂದ. ನನಗೆ ಆಗಲೇ ಅನುಮಾನ. ಎರಡು ದಿನದಿಂದ ತಲೆ ಸಿಡಿಯುತ್ತಿತ್ತಂತೆ. ಹೇಳಿರಲಿಲ್ಲ. "ಪೈಲ್ವಾನನಿಗೆ ತಲೆನೋವಾ ಅಂತ ಹುಡುಗರು ನಗ್ತಾರಲ್ಲೋ" ಅಂದ. ರಾತ್ರಿ ಹೊರಗೆ ಹೋಗಲು ಎದ್ದವನಿಗೆ ಬೂಟಿನ ಲಾಡಿ ಕಟ್ಟಲು ಬರಲಿಲ್ಲ. ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ನೇರ ಗೆರೆಯಲ್ಲಿ ನಡಿ ಎಂದೆ. ಕುಡಿದವನ ಹಾಗೆ ತೂರಾಡಿದ. ಅದು ಮಿದುಳು ಊದಿಕೊಳ್ಳುತ್ತಿರುವ ಗುರುತು. ತಂಡದ ಮುಖ್ಯಸ್ಥರು ಬೆಳಗಾಗಲಿ ನೋಡೋಣ ಎಂದರು. ನಾನು ಒಪ್ಪಲಿಲ್ಲ. ಇಬ್ಬರು ಹಮಾಲರು, ಮೂರು ಟಾರ್ಚು, ನಡುವೆ ಅವನು. 700 ಮೀಟರ್ ಇಳಿಯುವಷ್ಟರಲ್ಲಿ ಬೆಳಕು ಹರಿಯಿತು. "ಚಾ ಸಿಗ್ತದೇನೋ?" ಅಂತ ಕೇಳಿದ. ಅಲ್ಲೇ ಕಲ್ಲಿನ ಮೇಲೆ ಕೂತು ನಾನು ಅತ್ತುಬಿಟ್ಟೆ.

ಅದಕ್ಕೇ ಮತ್ತೆ ಮತ್ತೆ ಹೇಳುತ್ತೇನೆ, ತಲೆನೋವು ಮುಚ್ಚಿಡಬೇಡಿ. ಕೂತಾಗಲೂ ಏದುಸಿರು, ಬಿಡದ ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಮಿದುಳಿನ ಊತ, ಶ್ವಾಸಕೋಶದ ನೀರು, ಎರಡಕ್ಕೂ ಮೊದಲ ಮದ್ದು ಒಂದೇ. ಇಳಿಯಬೇಕು, ಆಗಲೇ ಇಳಿಯಬೇಕು.

ಇಳಿಯುವುದು ಸೋಲಲ್ಲ. 1996ರ ಮೇ 10ರಂದು ಎವರೆಸ್ಟಿನಲ್ಲಿ ಮಧ್ಯಾಹ್ನ 2 ಗಂಟೆಯಾದರೆ ಎಲ್ಲಿದ್ದರೂ ವಾಪಸ್ ಎಂಬ ಲೆಕ್ಕವಿತ್ತು. ಹಲವರು ಆ ಹೊತ್ತು ಮೀರಿಯೂ ಹತ್ತಿದರು. ಸಂಜೆ ಬಿರುಗಾಳಿ ಬಂತು. 8 ಜನ ಜೀವ ಬಿಟ್ಟರು. ದೂರದ ಮಾತು ಬೇಡ. 2024ರ ಜೂನಿನಲ್ಲಿ ಉತ್ತರಾಖಂಡದ ಸಹಸ್ರ ತಾಲ ಎಂಬ ಎತ್ತರದ ಸರೋವರಕ್ಕೆ ಚಾರಣ ಹೋದ ನಮ್ಮ ಕರ್ನಾಟಕದ 9 ಮಂದಿ ವಾಪಸ್ ಬರಲಿಲ್ಲ. ಅಲ್ಲಿಯೂ ಹವಾಮಾನ ಏಕಾಏಕಿ ಕೆಟ್ಟಿತ್ತು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಸಮಯ ಆಯಿತು ಅಂತ ಚೀಟಿ ಬಂದಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ. 3000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಜಾಗದಲ್ಲಿ ಇನ್ನೊಂದು ರಾತ್ರಿ ಇರಿ. ಮದ್ಯ, ನಿದ್ದೆ ಮಾತ್ರೆ ಬೇಡ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಸುಮ್ನೆ ನುಂಗಬೇಡಿ. ಹೆಲಿಕಾಪ್ಟರಿನಲ್ಲಿ ಕೇದಾರಕ್ಕೆ ಹೋಗುವ ಹಿರಿಯರಿಗೂ ಇದು ಅನ್ವಯಿಸುತ್ತದೆ. ಕೇದಾರನಾಥವೂ 3500 ಮೀಟರ್ ಮೇಲೆಯೇ ಇದೆ ಅಲ್ವಾ?

ಹೊರಡುವ 14 ಮಕ್ಕಳು ಈಗಲೇ ಹೋಗಬೇಡಿ. ಹೊರಗೆ ಅಂಗಳದಲ್ಲಿ ಸುಣ್ಣದ ಗೆರೆ ಎಳೆಸಿದ್ದೇನೆ. ಒಬ್ಬರು ನಡೆಯಿರಿ, ಇನ್ನೊಬ್ಬರು ನೋಡಿ. ಗೆಳೆಯನ ಹೆಜ್ಜೆ ಸರಿಯಿದ್ದಾಗ ಹೇಗಿರುತ್ತದೆ ಅಂತ ಇಲ್ಲೇ ಗುರುತಿಟ್ಟುಕೊಂಡು ಹೋಗಿ. ಅಪ್ಪ ಅಮ್ಮಂದಿರೂ ಬನ್ನಿ.